ಕತ್ತರಿಸಿದ ‘ಅಂತಾರ’

ತೀರ್ಮಾನವನ್ನು ಮೊದಲೇ ಬರೆದಿಟ್ಟ ಕಾರ್ಯಕ್ರಮವನ್ನು ಯಾರಾದರೂ ನನ್ನ ಕೈಗೆ ಕೊಟ್ಟರೆ ನಾನು ಮೊದಲು ಕೊಟ್ಟವರ ಮುಖ ನೋಡುತ್ತೇನೆ. ಆ ದಿನವೂ ನೋಡಿದೆ. ಕೊಲ್ಲಾಪುರದ ನಮ್ಮ ಸರಕಾರಿ ಬಾನುಲಿ ಕೇಂದ್ರದ ಕಾರ್ಯಕ್ರಮ ಅಧಿಕಾರಿಗಳು ಮೇಜಿನ ಆಚೆ ಕುಳಿತು ನಗುತ್ತಿದ್ದರು. ಗಡಿಭಾಗದ ಕೇಳುಗರಿಗಾಗಿ ವಾರಕ್ಕೊಮ್ಮೆ ಬರುವ ಕನ್ನಡ ಕಾರ್ಯಕ್ರಮಕ್ಕೆ ಅರ್ಧ ಗಂಟೆಯ ಒಂದು ರೂಪಕ ಬೇಕಿತ್ತು. ವಿದೇಶಿ ಸ್ಟ್ರೀಮಿಂಗ್ ಕಂಪನಿಗಳು ನಮ್ಮ ಮನೆಗಳೊಳಗೆ ಬಂದು ಏನು ಮಾಡುತ್ತಿವೆ ಎನ್ನುವುದು ವಿಷಯ. ಹೆಸರನ್ನೂ ಇಟ್ಟಾಗಿತ್ತು: ‘ಮನೆ ಹೊಕ್ಕ ಮಾಯೆ’.

“ಮಂದಿ ಏನು ಹೇಳ್ತಾರೋ ಅದನ್ನೇ ಹಾಕಿ ಮ್ಯಾಡಂ,” ಎಂದು ಅವರು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದರು. “ಫಕ್ತ, ಸಂದೇಶ ಸ್ಪಷ್ಟ ಪಾಹಿಜೆ, ಸ್ಪಷ್ಟ ಇರಬೇಕು. ನಮ್ಮ ಸಂಸ್ಕೃತಿ ಹಾಳಾಗ್ತಾ ಇದೆ ಅಂತ ಕೇಳುವವರಿಗೆ ತಿಳೀಬೇಕು.”

“ಮಂದಿ ಬ್ಯಾರೆ ಏನರೆ ಹೇಳಿದ್ರ, ಸಾಹೇಬ್ರ?”

“ಬೇರೆ ಯಾಕೆ ಹೇಳ್ತಾರೆ?” ಎಂದರು.

ಅವರ ಕಂಪ್ಯೂಟರಿನ ತೆರೆಯ ಮೇಲೆ ಹಿಮ ಬಿದ್ದ ಯಾವುದೋ ಊರಿನ ದೃಶ್ಯ ಅರ್ಧಕ್ಕೆ ನಿಂತಿತ್ತು, ಕೆಳಗೆ ಇಂಗ್ಲಿಷಿನ ಒಂದು ಸಾಲು. ನಾನು ಅದನ್ನು ನೋಡಿದ್ದನ್ನು ಅವರು ಗಮನಿಸಿ ತೆರೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು.

ನಾನು ಆ ಕೇಂದ್ರದ ಕಾಯಂ ನೌಕರಳಲ್ಲ. ಕರೆದಾಗ ಹೋಗಿ ಧ್ವನಿ ಮುದ್ರಿಸಿ, ಸಂಕಲನ ಮಾಡಿ, ಸಂಜೆ ಮೈಕಿನ ಮುಂದೆ ಕುಳಿತು ಕಾರ್ಯಕ್ರಮ ನಡೆಸಿಕೊಟ್ಟು ಬರುವವಳು. ಮುಂದಿನ ಸಲ ಕರೆಯುವುದೂ ಬಿಡುವುದೂ ಇದೇ ಅಧಿಕಾರಿಗಳ ಕೈಯಲ್ಲಿತ್ತು. ಹೂಂ ಎಂದು ಮೈಕು, ರೆಕಾರ್ಡರು ತೆಗೆದುಕೊಂಡು ಹೊರಟೆ.

ವಿದೇಶಿ ಕಂಪನಿಗಳ ಮೇಲೆ ನನಗೂ ಅನುಮಾನ ಕಡಿಮೆ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯಲ್ಲಿ, ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ಮರಾಠಿ. ಆ ತೆರೆಗಳ ಮೇಲೆ ನಮ್ಮ ಕಡೆಯ ಮಾತು ನನ್ನ ಕಿವಿಗೆ ಬಿದ್ದದ್ದು ಯಾರೋ ಯಾರನ್ನೋ ಕೊಲ್ಲುವಾಗ, ಇಲ್ಲವೇ ನೋಡುವವರು ನಗಲೆಂದು. ಅಂಥ ಒಂದು ಕಂಪನಿಯ ಪ್ರಚಾರ ನೋಡಿಕೊಳ್ಳುವ ಮುಂಬಯಿಯ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಪ್ರಶ್ನೆಗಳನ್ನು ಮೊದಲೇ ಕಳಿಸಿ ಎಂದಳು. ಕಳಿಸಿದೆ. ಬಂದ ಉತ್ತರದಲ್ಲಿ ‘ಸ್ಥಳೀಯ’ ಎಂಬ ಪದ ಸಾಲು ಸಾಲಿಗೂ ಇತ್ತು, ಒಂದು ಊರಿನ ಹೆಸರು ಮಾತ್ರ ಇರಲಿಲ್ಲ. ಅದನ್ನೇ ಬಾಯಿಬಿಟ್ಟು ಹೇಳಿ, ಮುದ್ರಿಸಿಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ. ಹೀಗಾಗಿ ಕಂಪನಿಯ ದನಿಯೇ ಇಲ್ಲದ ರೂಪಕ ನನ್ನ ಪಾಲಿಗೆ ಉಳಿಯಿತು.

ಮೊದಲು ಹೋದದ್ದು ನನ್ನೂರು ಇಚಲಕರಂಜಿಗೇ, ಅಲ್ಲಿ ಜನ ನನ್ನನ್ನೇ ಅನುಮಾನಿಸಿದರು. ನಾನು ರೆಕಾರ್ಡರ್ ಹೊರತೆಗೆದು, ಮೊಬೈಲಿನಲ್ಲಿ ಏನೇನು ನೋಡುತ್ತೀರಿ ಎಂದು ಕೇಳಿದ ಕೂಡಲೇ ಚಹದಂಗಡಿಯ ಬೆಂಚು ಖಾಲಿಯಾಯಿತು. ಅಂಗಡಿಯವನು ಮೆಲ್ಲಗೆ, “ಒಂದ ಪಾಸ್‌ವರ್ಡ್‌ನ್ಯಾಗ ಓಣಿ ಮಂದೆಲ್ಲಾ ನೋಡ್ತಾರಂತ ಹಿಡ್ಯಾಕ ಬಂದೀರೇನ್ರಿ ಅಕ್ಕಾರ?” ಎಂದ. ರೇಡಿಯೊದವಳು ಎಂದೆ. “ರೇಡಿಯೊ ಅಂದ್ರ ಸರಕಾರದ್ದ ಅಲ್ರಿ? ಅದಕ್ಕ ಮತ್ತ,” ಎಂದು ಚಹದ ಪಾತ್ರೆಯ ಕಡೆ ತಿರುಗಿದ.

ಎರಡು ಓಣಿಗಳಲ್ಲಿ ಬಾಗಿಲು ಹಾಕಿಸಿಕೊಂಡ ಮೇಲೆ ನನಗೆ ಸಿಕ್ಕಿದ್ದು ಮಗ್ಗದ ಮೋಟಾರುಗಳನ್ನು ರಿವೈಂಡಿಂಗ್ ಮಾಡುವ ಒಂದು ಚಿಕ್ಕ ವರ್ಕ್‌ಶಾಪು. ಮನೆಯ ಮುಂದಿನ ಕೋಣೆಯೇ ವರ್ಕ್‌ಶಾಪ್. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ತಾಮ್ರದ ತಂತಿಯ ಉರುಳೆಗಳು. ಅಥಣಿ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಗಂಡ ಶೆಡ್ಡುಗಳಿಗೆ ಹೋಗಿ ಸುಟ್ಟ ಮೋಟಾರು ತರುವುದು, ರಿಪೇರಿಯಾದದ್ದನ್ನು ಕೂಡಿಸಿ ಬರುವುದು. ಮಗಳು ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತುವುದು, ಕೊನೆಗೆ ವಾರ್ನಿಶ್ ಹಾಕುವುದು. ಹೆಂಡತಿ ತಂತಿಯ ಕೆಳಗೆ ಕೂಡಿಸುವ ಕಾಗದ ಕತ್ತರಿಸುವುದು, ಸುತ್ತಿದ ಮೇಲೆ ದಾರ ಕಟ್ಟುವುದು. ಡಬ್ಬಿಯೊಂದಕ್ಕೆ ಆನಿಸಿಟ್ಟ ಮೊಬೈಲಿನಲ್ಲಿ ಯಾವುದೋ ದೇಶದ ಚೆಲುವ ಚೆಲುವೆಯರು ಹಿಂದಿಯಲ್ಲಿ ಜಗಳವಾಡುತ್ತಿದ್ದರು.

ಗೋಡೆಯ ಆಚೆ ಪವರ್‌ಲೂಮ್ ಶೆಡ್ಡು. ಅಲ್ಲಿಯ ಒಂದು ಮಗ್ಗ ಗೋಡೆಗೆ ಹತ್ತಿಕೊಂಡೇ ಇದ್ದುದರಿಂದ ಅದರ ಹೊಡೆತ ನಾವು ಕುಳಿತಲ್ಲಿಯೇ ಬಿದ್ದಂತೆ ಕೇಳುತ್ತಿತ್ತು. ಅದನ್ನು ನಿಲ್ಲಿಸಿ ಎಂದು ಕೇಳುವಂತಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಯಾರೂ ಮಾತಾಡಬೇಡಿ ಎಂದು ಹೇಳಿ ಸ್ವಲ್ಪ ಹೊತ್ತು ಬರಿಯ ಮಗ್ಗದ ಸದ್ದನ್ನು ಮುದ್ರಿಸಿಕೊಂಡೆ. ಸಂಕಲನದಲ್ಲಿ ಎರಡು ಮಾತುಗಳನ್ನು ಬೆಸೆಯುವಾಗ ಅಡಿಯಲ್ಲಿ ಹಾಸಲು ಅದು ಬೇಕಾಗುತ್ತದೆ. ಆಮೇಲೆ ಮೈಕನ್ನು ಆ ತಾಯಿಯ ಬಾಯಿಗೆ ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿದೆ.

“ನಾವೂ ನೋಡ್ತೀವ್ರಿ. ಕೈಗೆ ಕೆಲಸ, ಕಣ್ಣಿಗೆ ಇದು,” ಎಂದರು. “ಏನರೆ ಕಲತೀವಿ ಅಂತಲ್ಲ. ಹೊತ್ತ ಹೋಗತೈತಿ.” ಆಮೇಲೆ ನಾನು ಕೇಳದಿದ್ದರೂ ಮಗಳ ವಿಷಯ ಬಂತು. ಗಡಹಿಂಗ್ಲಜ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನೋಡಿ ಒಪ್ಪಿಕೊಂಡೂ ಹೋಗಿದ್ದರು. ಮಗಳು ಬೇಡ ಎಂದಿದ್ದಳು. ಎರಡೂ ಕಡೆಯ ಬಂಧುಗಳು ಬಾಯಿಗೆ ಬಂದಂತೆ ಮಾತಾಡಿದ್ದರು.

“ಆ ಪರದೇಶದ ಸಿರಿಯಲ್ ನೋಡಿ ನೋಡಿ ನನ್ನ ಮಗಳು ಕೆಟ್ಟಾಳ…” ಎಂದು ಉಸಿರು ತೆಗೆದುಕೊಂಡರು, “…ಅಂತಾರ ಎಲ್ಲಾರೂ. ಅವರ ಮಂದಿ ಅಂತಾರ, ನಮ್ಮ ಮಂದೀನೂ ಅಂತಾರ. ನಾ ಅನ್ನಂಗಿಲ್ರಿ. ನನ್ನ ಮಗಳು ಕೆಟ್ಟಿಲ್ಲ. ತನಗ ಬ್ಯಾಡಾದ್ದು ಬ್ಯಾಡ ಅಂದಾಳ.”

ಮಗಳು ನಮ್ಮ ಕಡೆ ಬೆನ್ನು ಮಾಡಿ ಕುಳಿತಿದ್ದಳು. ಮೈಕನ್ನು ಅತ್ತ ತಿರುಗಿಸಿದೆ. “ನಂದೇನಿಲ್ರಿ,” ಎಂದಳು. “ನೀವು ಒಂದ ಕೇಳ್ತೀರಿ, ಒಂದ ಹಾಕ್ತೀರಿ.” ತಾಯಿ ಆ ಮಾತಿಗೆ ನಕ್ಕು, “ಪೂರಾ ಹಾಕ್ತೀರಿ ಹೌದಲ್ರಿ?” ಎಂದು ನನ್ನನ್ನು ಕೇಳಿದರು. ನಿಮ್ಮ ಮಾತಿನ ಅರ್ಥ ಕೆಡಿಸುವುದಿಲ್ಲ ಎಂದು ಹೇಳಿ ಬಂದೆ.

ಎರಡನೆಯ ಪಯಣ ಗಡಹಿಂಗ್ಲಜಕ್ಕೆ, ಅಲ್ಲಿಂದ ಬಸ್ಸು ಬದಲಿಸಿ ನೇಸರಿಯ ಕಡೆಗೆ. ಕಬ್ಬು ಕಡಿದ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿದ್ದ ಕುರುಬರೊಬ್ಬರ ಬಗ್ಗೆ ಕೇಳಿದ್ದೆ. ಒಂದು ಸರಣಿಯ ಚಿತ್ರೀಕರಣದವರು ಅವರನ್ನೂ ಅವರ ಕುರಿಗಳನ್ನೂ ಬಳಸಿಕೊಂಡಿದ್ದರಂತೆ. ಬಯಲಿನಲ್ಲಿ ಗಾಳಿ ಮೈಕಿಗೆ ಬಡಿದು ಮೊದಲ ಸಲ ಮುದ್ರಿಸಿದ್ದೆಲ್ಲ ಬುಸುಬುಸು ಎಂದು ಹಾಳಾಯಿತು. ಅವರೇ ಹೆಗಲ ಕಂಬಳಿ ಬಿಚ್ಚಿ ಗಾಳಿಗೆ ಅಡ್ಡ ಹಿಡಿದು, ಹೇಳಿದ್ದನ್ನೇ ಮತ್ತೆ ಹೇಳಿದರು.

“ನನ್ನ ರುಮಾಲು ತಗಸಿದ್ರು ನೋಡ್ರಿ. ಕುರುಬನ ಹಂಗ ಕಾಣವಲ್ಲಿ ಅಂದ್ರು! ಬ್ಯಾರೆ ಕೆಂಪಂದು ಸುತ್ತಿದ್ರು. ಮುಂದ ಮೊಮ್ಮಗಳು ಮೊಬೈಲ್‌ನ್ಯಾಗ ತೋರಿಸಿದ್ಲು. ಬಾಯಿ ನಂದ ಐತಿ, ಹಿಂದಿ ಮಾತಾಡಾಕತ್ತೇನಿ.”

“ಸಿಟ್ಟ ಬಂತೇನ್ರಿ?”

“ಸಿಟ್ಟ ಯಾಕ ಬರ್ತೈತ್ರಿ? ನೀವರೆ ನನ್ನ ಮಾತು ಇದ್ದಂಗ ಹಾಕ್ತೀರಿ ಅನ್ನಾಕ ಏನ್ ಗ್ಯಾರಂಟಿ?”

ಆ ಪ್ರಶ್ನೆಯನ್ನೂ ಸಂಕಲನದಲ್ಲಿ ಉಳಿಸಿಕೊಂಡೆ. ನಮ್ಮ ಕನ್ನಡ ಕಾರ್ಯಕ್ರಮ ಯಾವ ಹೊತ್ತಿಗೆ ಬರುತ್ತದೆಂದೂ ಅವರಿಗೆ ಗೊತ್ತಿರಲಿಲ್ಲ. ಮೊದಲು ಕೇಳುತ್ತಿದ್ದರಂತೆ, ಸಮಯ ಬದಲಾಯಿಸಿದ್ದನ್ನು ಯಾರೂ ಹೇಳಿರಲಿಲ್ಲ.

ಕೊಲ್ಲಾಪುರಕ್ಕೆ ಮರಳಿ ನಮ್ಮ ಧ್ವನಿ ತಂತ್ರಜ್ಞರ ಜೊತೆ ಕುಳಿತು ರೂಪಕ ಕಟ್ಟಿದೆ. ಅವರು ನಿಪ್ಪಾಣಿ ಕಡೆಯ ಕನ್ನಡ ಮನೆತನದವರು, ನಿವೃತ್ತಿಗೆ ಹತ್ತಿರವಾಗಿದ್ದರು. ಕರಡನ್ನು ಕೊನೆಯವರೆಗೆ ಕೇಳಿದ ಅಧಿಕಾರಿಗಳು, “ಯಾತ ಧೋಕಾ ಕುಠೆ ಆಹೆ?” ಎಂದರು. ಇದರಲ್ಲಿ ಅಪಾಯವೆಲ್ಲಿದೆ ಎಂದು. ಒಬ್ಬಳು ತನ್ನ ಮಗಳು ಕೆಟ್ಟಿಲ್ಲ ಅನ್ನುತ್ತಾಳೆ, ಒಬ್ಬ ಸಿಟ್ಟಿಲ್ಲ ಅನ್ನುತ್ತಾನೆ, ಹಾಗಾದರೆ ಈ ರೂಪಕ ಯಾಕೆ ಎನ್ನುವುದು ಅವರ ವಾದ. ನಾನು ಬದಲಾಯಿಸಲಿಲ್ಲ. ಅವರೂ ಒತ್ತಾಯಿಸಲಿಲ್ಲ. “ಇರಲಿ, ಪ್ರೋಮೋ ನಾನು ನೋಡಿಕೊಳ್ಳುತ್ತೇನೆ,” ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ. ಆದರೆ ಏನೆಂದು ಕೇಳುವುದು?

ಪ್ರೋಮೋ ಕೇಳಿದ್ದು ಬೆಳಗ್ಗೆ, ಮನೆಯಲ್ಲಿ ರೊಟ್ಟಿ ಬಡಿಯುತ್ತಿರುವಾಗ. ಮಾತಿಗಿಂತ ಮೊದಲು ಕಿವಿಗೆ ಬಡಿದದ್ದು ಮಗ್ಗದ ಸದ್ದು. ಗೋಡೆಯಾಚೆಯ ಆ ಮಗ್ಗ ನಡುವೆ ಎಲ್ಲೋ ಎಡವಿತು. ಎರಡು ಹೊಡೆತ ಒಂದರ ಮೈಮೇಲೊಂದು ಬಿದ್ದವು. ಓಡುತ್ತಿರುವ ಮಗ್ಗ ಹಾಗೆ ಎಡವಿದರೆ ನೂಲು ಹರಿಯಬೇಕು, ಮಗ್ಗ ನಿಲ್ಲಬೇಕು. ಇದು ನಿಂತಿರಲಿಲ್ಲ. ಕೈ ಒರೆಸಿಕೊಂಡು, ಕೇಂದ್ರದವರು ಮೊಬೈಲಿಗೆ ಹಾಕಿದ್ದ ಅದೇ ಪ್ರೋಮೋವನ್ನು ಮತ್ತೆ ಕೇಳಿದೆ.

“ಆ ಪರದೇಶದ ಸಿರಿಯಲ್ ನೋಡಿ ನೋಡಿ ನನ್ನ ಮಗಳು ಕೆಟ್ಟಾಳ… ಏನ್ ಮಾಡೂದ್ರಿ?”

‘ಏನ್ ಮಾಡೂದ್ರಿ’ ಎಂದು ಅವರು ಹೇಳಿದ್ದು ಮಾತಿನ ನಡುವೆ ಒಮ್ಮೆ ಕರೆಂಟು ಹೋಗಿ ಬಂದಾಗ. ನಡುವಿನ ‘ಅಂತಾರ’ ಮಾಯವಾಗಿತ್ತು. ಊರಿನವರ ಆರೋಪ ತಾಯಿಯ ಬಾಯಿಗೆ ಬಂದಿತ್ತು.

ಕನ್ನಡ ಚೆನ್ನಾಗಿ ಗೊತ್ತಿದ್ದು, ಸಂಕಲನ ಯಂತ್ರವೂ ಗೊತ್ತಿದ್ದವರು ಕೇಂದ್ರದಲ್ಲಿ ಇಬ್ಬರೇ, ನಾನು ಮತ್ತು ತಂತ್ರಜ್ಞರು ಎಂದುಕೊಂಡಿದ್ದೆ. ಹೋದವಳೇ ಅವರನ್ನು ಕೇಳಿದೆ. “ಅಣ್ಣಾರ, ಇದನ್ನ ನೀವು ಕತ್ತರಿಸಿದ್ರೇನ?”

ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಮಗ್ಗ ಎಡವಿದಲ್ಲಿ ಹುಬ್ಬು ಗಂಟಿಕ್ಕಿದರು. “ನಾ ಕತ್ತರಿಸಿದ್ರ ನಿಮಗ ಗೊತ್ತರೆ ಆಗತಿತ್ತೇನ್ರಿ?” ಎಂದರು. ದನಿಯಲ್ಲಿ ನೋವಿತ್ತು. “ಹೊಡೆತಕ್ಕ ಹೊಡೆತ ಕೂಡಸ್ತಿದ್ದೆ. ಇದು ನಮ್ಮ ಕೈಯಿಂದ ಆದ ಕೆಲಸಲ್ಲ. ಸಾಹೇಬ್ರು ತಮ್ಮ ರೂಮಿನ್ಯಾಗ ಕುಂತ ಮಾಡ್ಯಾರ.”

ಸಾಹೇಬರು ಅಲ್ಲಗಳೆಯಲಿಲ್ಲ. “ಪ್ರೋಮೋದ ಸಮಯಕ್ಕೆ ಕೂಡುತ್ತಿರಲಿಲ್ಲ. ಬಾಲ ಅಷ್ಟೇ ಕತ್ತರಿಸಿದೆ,” ಎಂದರು. “ನನಗೆ ನಿಮ್ಮ ಕನ್ನಡ ಅಷ್ಟು ಬರಲ್ಲ, ಮ್ಯಾಡಂ.”

“ಮರಾಠಿಯೊಳಗೂ ‘ಅಂತಾರ’ ಅನ್ನಾಕ ‘ಅಸಂ ಮ್ಹಣತಾತ’ ಅಂತ ಕಡೀಕ ಬರ್ತೈತಿ ಸಾಹೇಬ್ರ. ಅದನ್ನ ತಗದ್ರ ಏನಾಗತೈತಿ ಅಂತ ನಿಮಗ ನಾ ಹೇಳಬೇಕಾ?”

ಅವರು ಕಿಟಕಿಯ ಕಡೆ ನೋಡಿದರು. ಮೇಲಿನವರಿಗೆ ಪ್ರೋಮೋ ಬಹಳ ಹಿಡಿಸಿದೆ ಎಂದರು. ಅಂದರೆ ಗೊತ್ತಿದ್ದೇ ಮಾಡಿದರೋ, ಮಾಡಿದ ಮೇಲೆ ಗೊತ್ತಾಗಿ ಸುಮ್ಮನಾದರೋ, ನನಗೆ ಇವತ್ತಿಗೂ ಖಚಿತವಿಲ್ಲ.

ಅದೇ ಮಧ್ಯಾಹ್ನ ಇಚಲಕರಂಜಿಯಿಂದ ಫೋನ್ ಬಂತು. ಪ್ರೋಮೋ ಬಂಧುಗಳ ವಾಟ್ಸಾಪ್ ಗುಂಪಿಗೆ ತಲುಪಿತ್ತು. ಗಡಹಿಂಗ್ಲಜದ ಕಡೆಯವರೂ ಕೇಳಿದ್ದರು. ತಾಯಿಯೇ ಒಪ್ಪಿಕೊಂಡಳಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. “ಅಕ್ಕಾರ, ನಾ ಹಂಗ ಅಂದಿದ್ನೇನ್ರಿ?” ಎಂದು ಆ ತಾಯಿ ಕೇಳಿದರು. ಅವರಿಗೇ ಸಂಶಯ ಬಂದುಬಿಟ್ಟಿತ್ತು. “ನನ್ನ ದನೀನ ಐತಿ. ಮಗಳು ಮಾತಾಡೂದ ಬಿಟ್ಟಾಳ. ಬೆಳಿಗ್ಗಿಂದ ನನ್ನ ಕೈಯಾಗಿನ ಚಹಾನೂ ತಗೊಂಡಿಲ್ಲ.”

ಮತ್ತೆ ಅಧಿಕಾರಿಗಳ ಬಳಿಗೆ ಹೋದೆ. ತಪ್ಪಾಗಿದೆ ಎಂದು ಪ್ರಸಾರದಲ್ಲಿ ಹೇಳಬೇಕೆಂದೆ. ಅವರು ಬಹಳ ಮೃದುವಾಗಿ ಬೇರೊಂದು ದಾರಿ ತೋರಿಸಿದರು. ಪ್ರೋಮೋ ನಿಲ್ಲಿಸೋಣ, ರೂಪಕದಿಂದ ಆ ಹೆಣ್ಣುಮಗಳ ಮಾತನ್ನೇ ತೆಗೆದುಬಿಡಿ, ಯಾರಿಗೂ ತೊಂದರೆಯಿಲ್ಲ. ಕೇಳಲು ನ್ಯಾಯವಾಗಿಯೇ ಇತ್ತು. ಆ ಮೃದುತನವೇ ನನ್ನನ್ನು ತಡೆಯಿತು. ಒಬ್ಬರ ಮಾತು ತೆಗೆಯುವ ಮೊದಲು ಅವರನ್ನು ಕೇಳಿ ಬರುತ್ತೇನೆ ಎಂದೆ.

ಕಚ್ಚಾ ಧ್ವನಿಮುದ್ರಣವನ್ನು ಹೊರಗಿನವರಿಗೆ ಕೇಳಿಸುವಂತಿಲ್ಲ ಎಂಬುದು ನಿಯಮ. ಅದನ್ನು ಗೊತ್ತಿದ್ದೇ ಮುರಿದೆ. ಮರುದಿನ ಬೆಳಗ್ಗೆ ಇಚಲಕರಂಜಿಯ ವರ್ಕ್‌ಶಾಪಿನಲ್ಲಿ ಹೆಡ್‌ಫೋನನ್ನು ಮೊದಲು ಮಗಳಿಗೆ ಕೊಟ್ಟೆ. ಕೈಯಲ್ಲಿದ್ದ ತಂತಿಯನ್ನು ಕೆಳಗಿಡದೆಯೇ ಕೇಳತೊಡಗಿದಳು. ‘ನನ್ನ ಮಗಳು ಕೆಟ್ಟಿಲ್ಲ’ ಎನ್ನುವಲ್ಲಿ ತಂತಿ ಕೈಯಿಂದ ಜಾರಿತು. ಹೆಡ್‌ಫೋನ್ ತೆಗೆದು ತಾಯಿಯ ತಲೆಗೆ ತಾನೇ ಹಾಕಿ, ಅವರ ಪಕ್ಕ ಕುಳಿತಳು.

“ಅವ್ವ ಅಂದಿಲ್ಲ ಅನ್ನೂದು ನನಗ ತಿಳೀತು,” ಎಂದಳು. “ಮಂದಿಗೆ ಹೆಂಗ ತಿಳೀತೈತ್ರಿ?”

ಮಾತು ತೆಗೆಯುವ ವಿಷಯ ಹೇಳಿದೆ. ತಾಯಿ ತಲೆಯಾಡಿಸಿದರು. “ಬ್ಯಾಡ್ರಿ. ಈಗ ತಗದ್ರ ಮಂದಿ ಕಿವ್ಯಾಗ ಆ ಅರ್ಧಾನ ಉಳೀತೈತಿ. ಹಾಕಿದ್ದನ್ನ ಪೂರಾ ಹಾಕ್ರಿ.”

ಕೊಲ್ಲಾಪುರಕ್ಕೆ ಮರಳುವ ಬಸ್ಸಿನಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿದೆ. ರೂಪಕ ಮುದ್ರಿತವಾದದ್ದು, ಆದರೆ ಅದನ್ನು ಶುರು ಮಾಡಿಕೊಡುವ ಮಾತು ನೇರ ಪ್ರಸಾರದಲ್ಲಿ ಹೋಗುತ್ತಿತ್ತು. ಆ ಸಂಜೆ ಮೈಕಿನ ಮುಂದೆ ಕೂರುವ ಸರದಿ ನನ್ನದೇ. ಅಧಿಕಾರಿಗಳಿಗೆ ಮುಚ್ಚಿಡದೆ ಹೇಳಿದೆ. ಅವರು ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. “ನಾನು ಅನುಮತಿ ಕೊಟ್ಟಿಲ್ಲ,” ಎಂದರು. ಆಮೇಲೆ ಚೀಲ ಎತ್ತಿಕೊಂಡು, ಸಂಜೆ ತಮಗೆ ಹೊರಗೆ ಕೆಲಸವಿದೆ, ಕೇಂದ್ರದಲ್ಲಿ ಇರುವುದಿಲ್ಲ ಎಂದು ಹೋದರು. ಅದು ನನಗೆ ಬಿಟ್ಟುಕೊಟ್ಟ ದಾರಿಯೋ, ನಾಳೆ ನನ್ನೊಬ್ಬಳ ಮೇಲೆ ಹೊರಿಸಲು ಮಾಡಿಕೊಂಡ ಏರ್ಪಾಡೋ? ಎರಡೂ ಇರಬಹುದು ಅನಿಸಿತು.

ಗಾಜಿನ ಆಚೆ ತಂತ್ರಜ್ಞರು ಕುಳಿತಿದ್ದರು. “ನನಗ ಏನೂ ಗೊತ್ತಿಲ್ರಿ,” ಎಂದು ನನ್ನ ಹೆಡ್‌ಫೋನಿಗಷ್ಟೇ ಕೇಳುವ ಟಾಕ್‌ಬ್ಯಾಕಿನಲ್ಲಿ ಹೇಳಿದರು. “ನೀವು ಕೈ ಮಾಡಿದಾಗ ಧ್ವನಿ ಬಿಡ್ತೀನಿ ಅಷ್ಟ.”

ಕೆಂಪು ದೀಪ ಹತ್ತಿತು. ಬರೆದುಕೊಂಡದ್ದನ್ನು ಓದಿದೆ: “ಈ ರೂಪಕದ ಪ್ರೋಮೋದಲ್ಲಿ ಇಚಲಕರಂಜಿಯ ತಾಯಿಯೊಬ್ಬರ ಮಾತನ್ನು ನಡುವೆ ಕತ್ತರಿಸಿ ಪ್ರಸಾರ ಮಾಡಲಾಯಿತು. ಅದರಿಂದ ಅವರು ಹೇಳಿದ್ದರ ಅರ್ಥ ತಿರುಗಾಮುರುಗಾ ಆಯಿತು. ವಿಷಾದಿಸುತ್ತೇವೆ. ಅವರ ಪೂರ್ತಿ ಮಾತು ಹೀಗಿದೆ.” ‘ವಿಷಾದಿಸುತ್ತೇವೆ’ ಎನ್ನುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಆ ‘ನಾವು’ ಕೇಂದ್ರದ್ದು. ಅದನ್ನು ಬಳಸುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಕೈ ಎತ್ತಿದೆ. ತಂತ್ರಜ್ಞರು ಕಚ್ಚಾ ಮುದ್ರಣವನ್ನು ಹಾಗೆಯೇ ಬಿಟ್ಟರು. ಮಗ್ಗ ಎಲ್ಲಿಯೂ ಎಡವದೆ ನಡೆಯಿತು. ತಾಯಿ ಉಸಿರು ತೆಗೆದುಕೊಂಡರು, ‘ಅಂತಾರ ಎಲ್ಲಾರೂ’ ಎಂದರು. ಆಮೇಲೆ ರೂಪಕ ಶುರುವಾಯಿತು.

ಯಾರೂ ನನ್ನನ್ನು ಕರೆದು ಗದರಲಿಲ್ಲ, ನೋಟಿಸೂ ಬರಲಿಲ್ಲ. ಮುಂದಿನ ತಿಂಗಳ ಕೆಲಸ ಹಂಚಿದಾಗ ಮಾತ್ರ ನನ್ನ ಹೆಸರು ಇರಲಿಲ್ಲ. ಅದರ ಮುಂದಿನ ತಿಂಗಳೂ ಇರಲಿಲ್ಲ. ಕೇಳಿದಾಗ ಅಧಿಕಾರಿಗಳು ಹೊಸಬರಿಗೆ ಅವಕಾಶ ಕೊಡಬೇಕಲ್ಲ ಎಂದು ಮೊದಲಿನ ಹಾಗೆಯೇ ನಕ್ಕರು. ಈ ನಡುವೆ ಮುಂಬಯಿಯಿಂದ ಡಬ್ಬಿಂಗ್ ಮಾಡುವವರೊಬ್ಬರು ಫೋನ್ ಮಾಡಿ, ವಿದೇಶಿ ಸರಣಿಯೊಂದಕ್ಕೆ ಗಡಿಭಾಗದ ಕನ್ನಡ ಮಾತಾಡುವ ಹೆಣ್ಣುದನಿ ಬೇಕು ಎಂದರು. ಪಾತ್ರ ಯಾವುದೆಂದು ಕೇಳಿದೆ. ಕೊಲೆ ಮಾಡಿಸುವ ಮನೆಗೆಲಸದವಳು. ನನ್ನ ಮಾತುಗಳನ್ನು ಕೊನೆಗೆ ಯಾರು ಕತ್ತರಿಸುತ್ತಾರೆ ಎಂದೂ ಕೇಳಿದೆ. ಅದು ತಮಗೆ ಗೊತ್ತಿರುವುದಿಲ್ಲ ಎಂದರು. ನಾನು ಹೋಗಲಿಲ್ಲ.

ಇಚಲಕರಂಜಿಗೆ ಹೋದದ್ದು ಆಮೇಲೆ, ಯಾವ ಕೇಂದ್ರದ ಪರವಾಗಿಯೂ ಅಲ್ಲ. ಚೀಲದಲ್ಲಿ ನನ್ನ ಸ್ವಂತ ಹಳೆಯ ರೆಕಾರ್ಡರ್ ಇತ್ತು. ಆ ಸಂಜೆಯ ತಿದ್ದುಪಡಿಯನ್ನು ತಾಯಿ, ತಂದೆ, ಮಗಳು ಒಟ್ಟಿಗೆ ಕುಳಿತು ಕೇಳಿದ್ದರಂತೆ. ಬಂಧುಗಳಲ್ಲಿ ಕೇಳಿದವರು ಕಡಿಮೆ. ಪ್ರೋಮೋ ಕಳಿಸಿದವರು ತಿದ್ದುಪಡಿಯನ್ನು ಕಳಿಸಿರಲಿಲ್ಲ.

ಮಗಳು ಈ ಸಲ ಬೆನ್ನು ಮಾಡಿ ಕೂರಲಿಲ್ಲ. “ಅಕ್ಕಾರ, ಚಾಲೂ ಮಾಡ್ರಿ,” ಎಂದಳು. “ಎಲ್ಲಾರೂ ನನ್ನ ಬಗ್ಗೆ ಮಾತಾಡಿದ್ರು. ಈಗ ನಾ ಮಾತಾಡ್ತೀನಿ. ಆದ್ರ ಇದರೊಳಗ ಏನೂ ಕತ್ತರಸಬ್ಯಾಡ್ರಿ, ಕೆಮ್ಮಿದ್ರ ಕೆಮ್ಮೂ ಇರಲಿ.”

ನಾನು ಪ್ರಶ್ನೆ ಕೇಳಲಿಲ್ಲ. ಮೈಕ್ ಹಿಡಿದೆ.

“ನಾ ಆ ಹುಡುಗನ್ನ ಬ್ಯಾಡ ಅಂದಿದ್ದು ಸಿರಿಯಲ್ ನೋಡಿ ಅಲ್ಲ. ಲಗ್ನಾದ ಮ್ಯಾಲ ಮೋಟಾರ್ ಮುಟ್ಟಬಾರದು ಅಂದ್ರು ಅವರ ಮನಿಯಾವ್ರು. ಹುಡುಗಿ ಕೈ ವಾರ್ನಿಶ್ ನಾರತಾವ ಅಂದ್ರು. ನಾ ಆವತ್ತ ಬ್ಯಾಡ ಅಂದೆ. ಆ ಪರದೇಶದ ಸಿರಿಯಲ್‌ದಾಗ ಯಾರೂ ಕೆಲಸಾನ ಮಾಡಂಗಿಲ್ಲ, ಕಾಫಿ ಕುಡಕೋತ ಅಳಕೋತ ಇರ್ತಾರ. ಅವರನ್ನ ನೋಡಿ ನಾ ಏನ್ ಕಲೀಲಿ? ಸುಟ್ಟ ಮೋಟಾರ್ ಬಿಚ್ಚಿ ಮತ್ತ ತಿರುಗೂಹಂಗ ಮಾಡೂದನ್ನ ನಮ್ಮಪ್ಪನ ಕಡೆ ಕಲತೇನಿ. ಅದನ್ನ ಬಿಡಂಗಿಲ್ಲ. ಇಷ್ಟ.”

ಮುದ್ರಿಸಿದ್ದನ್ನು ಅಲ್ಲಿಯೇ ಮತ್ತೆ ಹಾಕಿಸಿ ಕೇಳಿದಳು, ಕೊನೆಯವರೆಗೆ. ತನ್ನ ಮೊಬೈಲಿಗೆ ಕಳಿಸಿ ಎಂದಳು. ಕಳಿಸಿದೆ. ನಾನು ಮೈಕಿನ ವೈರು ಸುತ್ತಿಡುವಷ್ಟರಲ್ಲಿ ಅವಳು ಅದನ್ನು ಪ್ರೋಮೋ ಬಂದಿದ್ದ ಅದೇ ಬಂಧುಗಳ ಗುಂಪಿಗೆ ಹಾಕಿಬಿಟ್ಟಿದ್ದಳು. ತಾಯಿ ಗಾಬರಿಯಾಗಿ ಗಂಡನ ಮುಖ ನೋಡಿದರು. ಮೋಟಾರಿನ ಬೋಲ್ಟು ಬಿಚ್ಚುತ್ತಿದ್ದ ಅವರು ತಲೆ ಎತ್ತಿ, “ಇರಲಿ ಬಿಡ,” ಎಂದರು.

ಸ್ವಲ್ಪ ಹೊತ್ತಿನಲ್ಲಿಯೇ ಮೊಬೈಲು ಬಡಿದುಕೊಳ್ಳತೊಡಗಿತು. ಒಂದು ಕರೆ ನಿಂತರೆ ಇನ್ನೊಂದು. ಮಗಳು ಆಗಲೇ ಕೆಲಸಕ್ಕೆ ಕುಳಿತಿದ್ದಳು. ತಾಯಿ ಎತ್ತಲೇನೆ ಎಂದು ಕೇಳಿದರು.

“ಬಡಕೊಳ್ಳಿ ಬಿಡ ಅವ್ವ,” ಎಂದಳು ಅವಳು. “ಕೈಯಾಗ ವೈರ್ ಐತಿ.”